ಉಣಿಸುವುದಕ್ಕೂ ಅಳತೆ ಬೇಕು

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕಾಯುವ ಮನೆಯವರು ವೈದ್ಯರನ್ನು ಕಂಡೊಡನೆ ಕೇಳುವ ಪ್ರಶ್ನೆಗಳಲ್ಲೊಂದು, 'ಹೊಟ್ಟೆಗೆ ಏನಾದರೂ ಕೊಡ್ತಿದ್ದೀರಾ?' ಪ್ರಶ್ನೆ ನ್ಯಾಯವಾದದ್ದೇ. ಆದರೆ ಹೆಚ್ಚು ಉಣಿಸಿದಷ್ಟೂ ರೋಗಿ ಬೇಗ ಚೇತರಿಸಿಕೊಳ್ಳುತ್ತಾನೆ ಎಂಬ, ಅದರ ಬೆನ್ನಿಗಿರುವ ನಂಬಿಕೆಯನ್ನು ಒರೆಗೆ ಹಚ್ಚಬೇಕಾಗಿದೆ.

ಉಪವಾಸ ಕೆಡಿಸುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ತೀವ್ರ ಸೋಂಕು ಅಥವಾ ದೊಡ್ಡ ಗಾಯವಾದಾಗ ದೇಹ ತನ್ನ ಸ್ನಾಯುಗಳನ್ನೇ ಕರಗಿಸಿಕೊಳ್ಳುತ್ತದೆ. ಹತ್ತೇ ದಿನಗಳಲ್ಲಿ ತೊಡೆಯ ಸ್ನಾಯು ಆರನೇ ಒಂದು ಭಾಗಕ್ಕಿಂತ ಹೆಚ್ಚು ಸೊರಗಿದ್ದನ್ನು 2013ರ ಬ್ರಿಟಿಷ್ ಅಧ್ಯಯನವೊಂದು ಅಳೆದು ತೋರಿಸಿದೆ. ಆದ್ದರಿಂದಲೇ ಕರುಳು ಕೆಲಸ ಮಾಡುತ್ತಿದ್ದು ರಕ್ತದೊತ್ತಡ ಹತೋಟಿಯಲ್ಲಿದ್ದರೆ, 24ರಿಂದ 48 ಗಂಟೆಗಳೊಳಗೆ ಮೂಗಿನ ನಳಿಕೆಯಿಂದ ಆಹಾರ ಶುರುಮಾಡುತ್ತಾರೆ. ಕರುಳು ಕೈಕೊಟ್ಟವರಿಗೆ ರಕ್ತನಾಳವೇ ದಾರಿ. 1960ರ ದಶಕದಲ್ಲಿ ಫಿಲಡೆಲ್ಫಿಯಾದಲ್ಲಿ ಸ್ಟ್ಯಾನ್ಲಿ ಡುಡ್ರಿಕ್ ಮತ್ತು ಸಂಗಡಿಗರು ರೂಪಿಸಿದ ಈ ವಿಧಾನ ಅಸಂಖ್ಯ ಜೀವ ಉಳಿಸಿದೆ.

ಸಾಧ್ಯವಾಯಿತೆಂದು ತುಂಬಿಸುತ್ತ ಹೋದದ್ದರಿಂದ ತೊಂದರೆ ಬಂತು. ಬೆಲ್ಜಿಯಂನಲ್ಲಿ 4,640 ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಳಿಕೆಯ ಆಹಾರದ ಕೊರತೆಯನ್ನು ರಕ್ತನಾಳದ ಮೂಲಕ ಮೊದಲ ದಿನಗಳಲ್ಲೇ ತುಂಬಿದವರಿಗಿಂತ ಒಂದು ವಾರ ತಡೆದವರಲ್ಲೇ ಸೋಂಕು ಕಡಿಮೆಯಿತ್ತು, ಚೇತರಿಕೆಯೂ ಬೇಗ ಆಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕಾಯಿಲೆಯ ಆರಂಭದಲ್ಲಿ ಯಕೃತ್ತು ತಾನೇ ಸಕ್ಕರೆ ತಯಾರಿಸಿ ರಕ್ತಕ್ಕೆ ಬಿಡುತ್ತಿರುತ್ತದೆ. ಹೊರಗಿನಿಂದ ಕೊಟ್ಟದ್ದು ಅದನ್ನು ನಿಲ್ಲಿಸುವುದಿಲ್ಲ, ಅದರ ಮೇಲೆ ಹೇರಿಕೆಯಾಗುತ್ತದೆ. ಬಹುದಿನ ಹಸಿದಿದ್ದವರಿಗಂತೂ ಒಮ್ಮೆಲೇ ಉಣಿಸಿದರೆ ರಕ್ತದ ರಂಜಕ ಕುಸಿದು ಹೃದಯಕ್ಕೂ ಉಸಿರಾಟಕ್ಕೂ ಅಪಾಯ. ಪ್ರೋಟೀನಿನ ಕಥೆಯೂ ಬೇರೆಯಲ್ಲ: 2023ರ ಅಂತರರಾಷ್ಟ್ರೀಯ ಪ್ರಯೋಗದಲ್ಲಿ ಹೆಚ್ಚು ಪ್ರೋಟೀನಿನಿಂದ ಲಾಭ ಕಾಣಲಿಲ್ಲ, ಮೂತ್ರಪಿಂಡ ಸೋತವರಿಗೆ ಹಾನಿಯ ಸೂಚನೆಯೇ ಕಂಡಿತು.

ಹಾಗಾದರೆ ಕಡಿಮೆ ಕೊಟ್ಟರೆ ಸಾಕೇ? ಈ ಮಾತನ್ನು ನಿರ್ಲಕ್ಷ್ಯಕ್ಕೆ ನೆಪ ಮಾಡಿಕೊಳ್ಳಬಾರದು. ಲೆಕ್ಕಹಾಕಿ ತಡೆಯುವುದು ಬೇರೆ, ಸ್ಕ್ಯಾನಿಗೆಂದು ನಿಲ್ಲಿಸಿದ ನಳಿಕೆಯ ಆಹಾರವನ್ನು ಮತ್ತೆ ಶುರುಮಾಡಲು ಮರೆಯುವುದು ಬೇರೆ. ಮೊದಲ ವಾರ ಕಳೆದು ದೇಹ ಕಟ್ಟಿಕೊಳ್ಳುವ ಹಂತಕ್ಕೆ ಬಂದಾಗ ಕ್ಯಾಲೊರಿಯೂ ಪ್ರೋಟೀನೂ ಏರಬೇಕು. ವಿಪರ್ಯಾಸವೆಂದರೆ, ನಳಿಕೆ ತೆಗೆದು ವಾರ್ಡಿಗೆ ಕಳಿಸುವ ಆ ಹೊತ್ತಿಗೇ ರೋಗಿ ಎಷ್ಟು ಉಂಡನೆಂದು ನೋಡುವವರು ಕಡಿಮೆಯಾಗುತ್ತಾರೆ.

ಅನ್ನವನ್ನು ಔಷಧದಷ್ಟೇ ಗಂಭೀರವಾಗಿ ಬರೆದುಕೊಡಬೇಕು ಎಂಬುದು ನನ್ನ ವಾದ: ಯಾವ ದಾರಿಯಿಂದ, ಎಂದಿನಿಂದ, ಎಷ್ಟು. ಬರೆದದ್ದರಲ್ಲಿ ರೋಗಿಗೆ ನಿಜಕ್ಕೂ ಸೇರಿದ್ದೆಷ್ಟು ಎಂಬ ಲೆಕ್ಕ ಪ್ರತಿದಿನವೂ ಇರಬೇಕು. ಆಹಾರತಜ್ಞರು ವೈದ್ಯರ ಸುತ್ತಿನಲ್ಲಿ ಜೊತೆಗಿರಬೇಕು. ಮನೆಯವರಿಗೂ ಬಿಡಿಸಿ ಹೇಳಬೇಕು. ಅಕ್ಕರೆಯಿಂದ ತಂದ ಎಳನೀರಿನ ಪೊಟ್ಯಾಸಿಯಂ ಮೂತ್ರಪಿಂಡ ಸೋತವರ ಹೃದಯದ ಬಡಿತವನ್ನೇ ತಪ್ಪಿಸಬಲ್ಲದು, ಗಟ್ಟಿ ರಾಗಿ ಗಂಜಿ ನಳಿಕೆಯನ್ನು ಕಟ್ಟಿಸಬಲ್ಲದು ಎಂದು ತಿಳಿದರೆ ಯಾರೂ ಹಟ ಹಿಡಿಯುವುದಿಲ್ಲ. ಅದೇ ಗಂಜಿಯನ್ನು ರೋಗಿ ತಾನೇ ನುಂಗುವಂತಾದಾಗ ಅವರೇ ಹೊತ್ತುಹೊತ್ತಿಗೆ ಕುಡಿಸಬೇಕು. ಅವರ ನೆರವು ಆಸ್ಪತ್ರೆಗೆ ಅತ್ಯಗತ್ಯವಾಗುವುದು ಆಗಲೇ.