ಕಡತ ಸಿಕ್ಕಿಲ್ಲವಂತೆ!

ಪೆರೇಸಂದ್ರ ಕ್ರಾಸಿನಲ್ಲಿ ಬೆಳಿಗ್ಗೆ ಹೊತ್ತು ನಿಂತು ನೋಡಿ. ಚಿಕ್ಕಬಳ್ಳಾಪುರದ ಕಡೆಗೋ ಗುಡಿಬಂಡೆಯ ಕಡೆಗೋ ಬಾಗೇಪಲ್ಲಿಯ ಕಡೆಗೋ ಹೋಗುವ ಬಸ್ಸಿಗೆ ಕಾದು ನಿಂತವರಲ್ಲಿ ಯಾರು ಕೂಲಿಗೆ ಹೊರಟವರು, ಯಾರು ಕೋರ್ಟಿಗೆ ಹೊರಟವರು ಎಂದು ಗುರುತು ಹಿಡಿಯುವುದು ಕಷ್ಟವಲ್ಲ. ಕೂಲಿಗೆ ಹೋಗುವವನ ಕೈಯಲ್ಲಿ ಬುತ್ತಿ. ಕೋರ್ಟಿಗೆ ಹೋಗುವವನ ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಆ ಚೀಲದೊಳಗೆ ಮಡಿಸಿ ಮಡಿಸಿ ಹರಿದುಹೋದ ಕಾಗದ. ಓದಲು ಬಾರದವನು ಓದಲು ಬಾರದ ಕಾಗದವನ್ನು ಮಗುವಿನ ಹಾಗೆ ಎತ್ತಿಕೊಂಡು ಮೂವತ್ತು ನಲವತ್ತು ವರ್ಷ ತಿರುಗುತ್ತಾನೆ. ಯಾವ ಕಾಗದ ಬೇಕಾಗಿದೆಯೋ ಅದೊಂದು ಮಾತ್ರ ಆ ಚೀಲದಲ್ಲಿ ಇರುವುದಿಲ್ಲ. ಅದು ಸರ್ಕಾರದ ಕಪಾಟಿನಲ್ಲಿದೆ. ಇದೆಯಂತೆ. ಇತ್ತಂತೆ.

ನಾವು ಒಬ್ಬ ಅಜ್ಜಿಯ ಜೊತೆ ಹೋಗಿದ್ದೆವು. ಆಕೆಯ ಅಪ್ಪನಿಗೆ ಸರ್ಕಾರ ದರಖಾಸ್ತಿನಲ್ಲಿ ಎರಡು ಎಕರೆ ಕೊಟ್ಟಿತ್ತು. ಮದುವೆಗೆ ಮಾಡಿದ ಸಾಲಕ್ಕೆ ಆ ಭೂಮಿ ಹೋಯಿತು. ಹೆಬ್ಬೆಟ್ಟು ಒತ್ತಿಸಿಕೊಂಡವರು ಈಗ ಅದರಲ್ಲಿ ದ್ರಾಕ್ಷಿ ಬೆಳೆಯುತ್ತಾರೆ. ಅಜ್ಜಿ ಅದೇ ತೋಟದಲ್ಲಿ ಕೂಲಿ. ಮಂಜೂರಾತಿ ಕಡತದ ನಕಲು ಕೇಳಲು ಹೋದರೆ ಕಿಟಕಿಯೊಳಗಿನ ಮನುಷ್ಯ ತಲೆ ಎತ್ತಲಿಲ್ಲ. 'ನಂಬರ್ ಹೇಳಮ್ಮ.' 'ನಂಗೇನ್ ಗೊತ್ತು ಸೋಮಿ, ನಮ್ಮಪ್ಪನ ಹೆಸ್ರು ಹೇಳ್ತೀನಿ.' 'ಹೆಸ್ರಿಟ್ಕೊಂಡು ಏನ್ ಮಾಡಾಣ? ನಂಬರಿಲ್ದೆ ಕಡತ ಸಿಕ್ಕಲ್ಲ.' 'ಕಡತ ಸಿಕ್ಕಿದ್ರೆ ತಾನೇ ನಂಬರ್ ಸಿಕ್ಕೋದು?' ಆಕೆ ಕೇಳಿದ ಈ ಮಾತಿಗೆ ಯಾವ ಕಾನೂನು ಪಂಡಿತನಲ್ಲೂ ಉತ್ತರವಿಲ್ಲ. ಕಿಟಕಿಯವನು 'ನಾಳೆ ಬಾ' ಅಂದ. ಹಿಂದೊಮ್ಮೆ ನಮ್ಮ ಹಳ್ಳಿಗಳಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಕಚೇರಿಗಳ ಪಾಲಿಗೆ ನಾವೇ ಆ ದೆವ್ವ. ಏಳು ತಿಂಗಳ ಮೇಲೆ ಕೈಗೆ ಬಂದದ್ದು ಒಂದು ಸಾಲಿನ ಹಿಂಬರಹ: ಕಡತ ಲಭ್ಯವಿಲ್ಲ.

ಯಾವ ಕಚೇರಿ ಎಂದು ನಾವು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವು ಬಚಾವಾಗುತ್ತವೆ.

ಈ ಒಂದು ಸಾಲು ಏನು ಮಾಡುತ್ತದೆ ಎಂಬುದನ್ನು ನಮ್ಮ ಹುಡುಗರು ಸರಿಯಾಗಿ ತಿಳಿಯಬೇಕು. ದೇವರಾಜ ಅರಸರ ಕಾಲದಲ್ಲಿ, 1978ರಲ್ಲಿ, ಪರಿಶಿಷ್ಟರಿಗೆ ಮಂಜೂರಾದ ಜಮೀನುಗಳ ಪರಭಾರೆ ನಿಷೇಧದ ಕಾಯ್ದೆ ಆಯಿತು. ಪಿಟಿಸಿಎಲ್ ಕಾಯ್ದೆ ಅಂತ ಎಲ್ಲರ ಬಾಯಲ್ಲೂ ಇರುವುದು ಅದೇ. 1979ರ ಜನವರಿ 1ರಿಂದ ಜಾರಿ. ಷರತ್ತು ಮುರಿದು ಮಾರಿದ ಭೂಮಿ ಮೂಲ ಮಂಜೂರುದಾರನಿಗೆ, ಅವನ ವಾರಸುದಾರರಿಗೆ ವಾಪಸು ಬರಬೇಕು. ಭೂಮಾಲೀಕರು ಸುಪ್ರೀಂ ಕೋರ್ಟಿನವರೆಗೂ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕಾಯ್ದೆಯನ್ನು ಕೋರ್ಟು ಎತ್ತಿಹಿಡಿಯಿತು. ಆ ಕಾಯ್ದೆಯ 5ನೇ ಕಲಮಿನಲ್ಲಿ ನಮ್ಮ ಪರವಾದ ಒಂದು ದೊಡ್ಡ ಮಾತಿದೆ. ಮಂಜೂರಾದ ಭೂಮಿ ಬೇರೆಯವನ ಕೈಯಲ್ಲಿದ್ದರೆ, ಅವನದು ಅಕ್ರಮ ವರ್ಗಾವಣೆ ಎಂದೇ ಮೊದಲು ಭಾವಿಸಬೇಕು. ಅಲ್ಲವೆಂದು ಸಾಧಿಸುವ ಹೊಣೆ ಅವನದು. ನಮ್ಮ ಮೇಲಿರುವ ಹೊಣೆ ಒಂದೇ: ಅದು ಸರ್ಕಾರ ಮಂಜೂರು ಮಾಡಿದ ಭೂಮಿ ಎಂದು ತೋರಿಸುವುದು. ಅದನ್ನು ತೋರಿಸುವ ಕಡತವೇ 'ಲಭ್ಯವಿಲ್ಲ'! ಕಾಯ್ದೆಯನ್ನು ರದ್ದು ಮಾಡುವ ಧೈರ್ಯ ಯಾವ ಸರ್ಕಾರಕ್ಕೂ ಇರಲಿಲ್ಲ. ಅಗತ್ಯವೂ ಬೀಳಲಿಲ್ಲ. ಒಂದು ಕಡತವನ್ನು ಮಾಯ ಮಾಡಿದರೆ ಆ ಒಂದು ಮನೆಯ ಪಾಲಿಗೆ ಕಾಯ್ದೆ ರದ್ದಾದಂತೆಯೇ.

2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರ್ಜಿ ಸೂಕ್ತ ಕಾಲಮಿತಿಯೊಳಗೆ ಬರಬೇಕಿತ್ತು ಅಂದಿತು. ಅದರ ಬೆನ್ನಿಗೆ ನಮ್ಮ ಅರ್ಜಿಗಳು ತಡವಾಯಿತೆಂಬ ಒಂದೇ ಕಾರಣಕ್ಕೆ ಸಾಲುಸಾಲಾಗಿ ಬಿದ್ದವು. ಹೋರಾಟ ನಡೆಯಿತು. 2023ರಲ್ಲಿ ತಿದ್ದುಪಡಿ ಬಂತು, ಕಾಲಮಿತಿಯ ಅಡ್ಡಿ ಇಲ್ಲವೆಂದಾಯಿತು. ಒಳ್ಳೆಯದು. ಆದರೆ ತಡ ಮಾಡಿದವರು ಯಾರು ಎಂದು ಯಾರೂ ಕೇಳಲಿಲ್ಲ. ಇಪ್ಪತ್ತೈದು ವರ್ಷ ಕಿಟಕಿಯ ಮುಂದೆ ನಿಲ್ಲಿಸಿದ್ದಕ್ಕೆ ಯಾವ ಕಾಲಮಿತಿ?

ಹಿಂಬರಹ ಕೈಗೆ ಬಂದರೆ ಕೈಚೆಲ್ಲಿ ಕೂರುವುದು ಬೇಡ. ಅಲ್ಲಿಂದಲೇ ಜಗಳ ಶುರುವಾಗಬೇಕು. ಕಡತ ನಾಶ ಮಾಡಿದ್ದರೆ ನಾಶದ ವಹಿಯಲ್ಲಿ ದಿನಾಂಕ, ಆದೇಶ, ಸಹಿ ಇರಬೇಕು, ತೋರಿಸಿ ಎನ್ನಿ. ನಾಶ ಮಾಡಿಲ್ಲವಾದರೆ ಕಡತ ಎಲ್ಲಿ? 2013ರಲ್ಲಿ ದೆಹಲಿ ಹೈಕೋರ್ಟು ವಿಶ್ವಾಸ್ ಭಾಂಬುರ್ಕರ್ ಪ್ರಕರಣದಲ್ಲಿ ಹೇಳಿದೆ: ಒಂದು ಕಾಲಕ್ಕೆ ಕಚೇರಿಯಲ್ಲಿದ್ದ ಮಾಹಿತಿಯನ್ನು 'ಸಿಗುತ್ತಿಲ್ಲ' ಎಂಬ ಮಾತಿನಿಂದ ನಿರಾಕರಿಸುವಂತಿಲ್ಲ, ಹುಡುಕಬೇಕು, ಸಿಗದಿದ್ದರೆ ವಿಚಾರಣೆ ನಡೆಸಿ ಹೊಣೆಗಾರನನ್ನು ಗುರುತಿಸಬೇಕು. ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಈ ಮಾತನ್ನು ಬರೆಯಿರಿ. (ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯವಿರಬೇಕು. ಅಜ್ಜಿಯ ಮೂರು ತಲೆಮಾರಿನ ಸಂಕಟ 150 ಪದದೊಳಗೆ ಮುಗಿಯಬೇಕು, ತಿಳಿಯಿತೆ?) ಈಗ ಭೂಸುರಕ್ಷಾ ಯೋಜನೆಯೆಂದು ತಾಲ್ಲೂಕು ಕಚೇರಿಗಳ ಹಳೇ ದಾಖಲೆಗಳನ್ನೆಲ್ಲ ಸ್ಕ್ಯಾನ್ ಮಾಡುತ್ತಿದ್ದಾರೆ. ಮಾಡಲಿ, ಬೇಡವೆನ್ನುವವರು ನಾವಲ್ಲ. ಆದರೆ ಇರುವುದನ್ನು ಮಾತ್ರ ಸ್ಕ್ಯಾನ್ ಮಾಡಬಹುದು. ಸ್ಕ್ಯಾನ್ ಆದವುಗಳ ಪಟ್ಟಿಯ ಜೊತೆಗೆ, ವಹಿಯಲ್ಲಿ ನಮೂದಿದ್ದೂ ಕೈಗೆ ಸಿಗದ ಕಡತಗಳ ಪಟ್ಟಿಯನ್ನೂ ಹೋಬಳಿವಾರು ಗೋಡೆಗೆ ಅಂಟಿಸಲಿ. ಯಾರ ಕಡತಗಳು ಕಳೆದಿವೆ ಎಂಬುದನ್ನು ನಾವೇ ಓದಿಕೊಳ್ಳುತ್ತೇವೆ.

ಇನ್ನು ಕೋರ್ಟಿನ ಕಡತ. ನಮ್ಮ ಸೀಮೆಯಲ್ಲಿ ಈ ಮಾತೆತ್ತಿದರೆ ಕಂಬಾಲಪಲ್ಲಿಯನ್ನು ದಾಟಿ ಹೋಗಲು ಆಗುವುದಿಲ್ಲ. 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕು. ಏಳು ಜನ ದಲಿತರನ್ನು ಜೀವಂತ ಸುಟ್ಟರು. ಆಗ ನಾವೆಲ್ಲ ಕೋಲಾರ ಜಿಲ್ಲೆ. ಮೊಕದ್ದಮೆ ಕೋಲಾರದಲ್ಲಿ ನಡೆಯಿತು. ಸಾಕ್ಷಿಗಳು ಒಬ್ಬೊಬ್ಬರಾಗಿ ಪ್ರತಿಕೂಲವಾದರು. 2006ರ ಡಿಸೆಂಬರಿನಲ್ಲಿ ಆರೋಪಿಗಳೆಲ್ಲ ಬಿಡುಗಡೆ. 2014ರಲ್ಲಿ ಹೈಕೋರ್ಟು ಆ ಬಿಡುಗಡೆಯನ್ನು ಎತ್ತಿಹಿಡಿಯಿತು. ಏಳು ಜನ ಸುಟ್ಟು ಸತ್ತದ್ದು ಸುಳ್ಳಲ್ಲ. ಸುಟ್ಟವರು ಯಾರು ಎಂಬುದು ಮಾತ್ರ ಕಡತದ ಪ್ರಕಾರ ಯಾರಿಗೂ ಗೊತ್ತಿಲ್ಲ.

ಗೆಳೆಯರೇ, ನಮ್ಮನ್ನೇ ನಾವು ಒಂದು ಪ್ರಶ್ನೆ ಕೇಳಿಕೊಳ್ಳೋಣ. ಕಂಬಾಲಪಲ್ಲಿಯ ಬಗ್ಗೆ ಪದ್ಯ ಬರೆದವರು ನಮ್ಮಲ್ಲಿ ಎಷ್ಟು ಜನ? ಧಿಕ್ಕಾರ ಕೂಗಿದವರು ಎಷ್ಟು ಜನ? ಆ ತೀರ್ಪನ್ನು ಓದಿದವರು ಎಷ್ಟು ಜನ? ಸಾಕ್ಷಿ ಕಟ್ಟೆಯಲ್ಲಿ ನಿಂತ ನಮ್ಮವನು ಯಾವ ದಿನ ಏನು ಹೇಳಿದ, ಯಾವ ಪ್ರಶ್ನೆಗೆ ಬಾಯಿ ಕಟ್ಟಿತು, ಘಟನೆಗೂ ಆ ದಿನಕ್ಕೂ ನಡುವೆ ಎಷ್ಟು ವರ್ಷ ಕಳೆದಿತ್ತು, ಅಷ್ಟೂ ವರ್ಷ ಅವನು ಯಾರ ಹೊಲದಲ್ಲಿ ಕೂಲಿ ಮಾಡುತ್ತಿದ್ದ? 'ಪ್ರತಿಕೂಲ ಸಾಕ್ಷಿ' ಅಂದುಬಿಟ್ಟರೆ ದ್ರೋಹಿಯೆಂದು ಉಗಿಯುವುದು ಸುಲಭ. ಹೇಳಿಕೆಗಳನ್ನು ಸಾಲು ಹಿಡಿದು ಓದಿದರೆ ಭಯ ಎಲ್ಲಿಂದ ಬಂತು, ಸರ್ಕಾರದ ವಕೀಲ ಎಲ್ಲಿ ಕೈಬಿಟ್ಟ ಎಂಬುದು ಕಂಡೀತು. ಆಂಧ್ರದ ತ್ಸುಂಡೂರಿನಲ್ಲಿ 1991ರಲ್ಲಿ ಎಂಟು ಜನ ದಲಿತರನ್ನು ಕೊಂದಾಗ ಅಲ್ಲಿನ ಜನ ಹಟ ಹಿಡಿದು ವಿಶೇಷ ನ್ಯಾಯಾಲಯವನ್ನು ತಮ್ಮ ಊರಿಗೇ ತರಿಸಿಕೊಂಡರು. 2007ರಲ್ಲಿ ಶಿಕ್ಷೆಯಾಯಿತು, 2014ರಲ್ಲಿ ಹೈಕೋರ್ಟಿನಲ್ಲಿ ಅದೂ ಬಿದ್ದುಹೋಯಿತು. ಆದರೂ ಅಲ್ಲಿನ ಕೇರಿಯವರು ಸಾಕ್ಷಿ ನುಡಿಯುವುದನ್ನು ಕಣ್ಣಾರೆ ಕಂಡರು, ಕಿವಿಯಾರೆ ಕೇಳಿದರು. ಕೊಪ್ಪಳದ ಮರಕುಂಬಿಯಲ್ಲಿ 2014ರಲ್ಲಿ ಕೇರಿಗೆ ಬೆಂಕಿ ಬಿತ್ತು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಸೆಷನ್ಸ್ ಕೋರ್ಟು 98 ಜನರಿಗೆ ಜೀವಾವಧಿ ವಿಧಿಸಿತು. ಕಂಬಾಲಪಲ್ಲಿಯ ತೀರ್ಪು, ಮರಕುಂಬಿಯ ತೀರ್ಪು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದುವ ಕೆಲಸವನ್ನು ಯಾವ ವಿಶ್ವವಿದ್ಯಾಲಯ ಮಾಡಿದರೆಷ್ಟು ಬಿಟ್ಟರೆಷ್ಟು, ನಮ್ಮ ಹಳ್ಳಿ ಮೇಷ್ಟ್ರುಗಳು ಮಾಡಬೇಕು.

ಮಾಡಲು ಹೋದರೆ ಏನಾಗುತ್ತದೆ? ಮೊದಲು ದಾರಿಯ ತೊಂದರೆ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದೆ ಕೋಲಾರದಲ್ಲಿ ತೀರ್ಮಾನವಾದ ಸೆಷನ್ಸ್ ಕೇಸನ್ನು ಇಲ್ಲಿ ಕೇಳಿದರೆ ಅಲ್ಲಿಗೆ ಹೋಗು ಅನ್ನುತ್ತಾರೆ. ಅಪೀಲು ಆದ ಕೇಸಾದರೆ ಕೆಳ ಕೋರ್ಟಿನ ಕಡತವನ್ನು ಬೆಂಗಳೂರಿಗೆ ತರಿಸಿಕೊಂಡಿರುತ್ತಾರೆ. ಅದು ಮರಳಿತೋ ಇಲ್ಲವೋ ಕೇಳಿ ತಿಳಿಯಬೇಕು. ಒಂದು ದಿನದ ಕೂಲಿ, ಮೂರು ಬಸ್ಸು. ಆಮೇಲೆ ಕಂಪ್ಯೂಟರಿನ ತೊಂದರೆ. ಇ-ಕೋರ್ಟ್ಸ್‌ನಲ್ಲಿ ಎಲ್ಲವೂ ಇದೆ ಎನ್ನುತ್ತಾರೆ. ಹೊಸ ಕೇಸುಗಳ ವಾಯಿದೆ, ಆದೇಶ ಕಾಸಿಲ್ಲದೆ ಸಿಗುತ್ತವೆ, ಇದು ನಿಜವಾದ ಲಾಭ. ವಕೀಲನ ಗುಮಾಸ್ತನಿಗೆ ಕೈಮುಗಿಯುವುದು ಅಷ್ಟರಮಟ್ಟಿಗೆ ತಪ್ಪಿದೆ. ಆದರೆ ಹದಿನಾರು ಅಕ್ಷರ-ಅಂಕಿಯ ಸಿಎನ್ಆರ್ ನಂಬರು ಇದ್ದವನಿಗೆ ಅದು ಹೆದ್ದಾರಿ, ಇಲ್ಲದವನಿಗೆ ಜಾಲಿಮುಳ್ಳು. ಹೆಸರಿನಿಂದ ಹುಡುಕಲು ಹೋದರೆ ನಮ್ಮ ಮುನಿವೆಂಕಟಪ್ಪನನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬ ಗುಮಾಸ್ತ ಒಂದೊಂದು ಥರ ಬರೆದಿರುತ್ತಾನೆ.

ನಮ್ಮ ಸೀಮೆಯ ಭಾಷೆಯ ಕಥೆಯೇ ಬೇರೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಹೈಕೋರ್ಟಿನಲ್ಲಿ ಇಂಗ್ಲಿಷು. ಕೇರಿಯ ಹೆಂಗಸು 'ಕಾಲ್ಚೇಸಿನಾರು ಸಾಮಿ' ಎಂದು ಅತ್ತದ್ದು ಕನ್ನಡದಲ್ಲಿ 'ಸುಟ್ಟರು' ಎಂದಾಗಿ, ಇಂಗ್ಲಿಷಿಗೆ ಹೋಗುವ ಹೊತ್ತಿಗೆ ಕರ್ತೃವೇ ಇಲ್ಲದ ವಾಕ್ಯವಾಗಿರುತ್ತದೆ. ಸಾಕ್ಷಿಯ ಹೇಳಿಕೆಯನ್ನು ಅವನಿಗೆ ಓದಿ ಹೇಳಬೇಕು, ಅರ್ಥವಾಗದ ಭಾಷೆಯಲ್ಲಿದ್ದರೆ ಅರ್ಥ ಮಾಡಿಸಿ ಹೇಳಬೇಕು ಎಂದು ಹಳೇ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. 'ಓದಿ ಹೇಳಿ ಸೋಮಿ' ಅನ್ನಬಹುದೆಂದು ನಮ್ಮ ಎಷ್ಟು ಸಾಕ್ಷಿಗಳಿಗೆ ಗೊತ್ತು? ಇದನ್ನು ಹೇಳಿಕೊಡದ ಸಂಘಟನೆ ಸಂಘಟನೆಯೆ?

ಆಮೇಲೆ ಕೇಳುತ್ತಾರೆ: ನೀನು ಪಾರ್ಟಿಯೋ? ಅಲ್ಲವೆಂದರೆ ನೀನು ಮೂರನೆಯವನು. ಮೂರನೆಯವನು ನಕಲು ಕೇಳಿದರೆ ಕಾರಣ ಬರೆದು ಕೋರ್ಟಿನ ಅಪ್ಪಣೆ ಪಡೆಯಬೇಕು. ಮಾಹಿತಿ ಹಕ್ಕಿನಲ್ಲಿ ಕೇಳೋಣವೆಂದರೆ, 2020ರಲ್ಲಿ ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಬಾಗಿಲನ್ನು ಮುಚ್ಚಿದೆ: ನ್ಯಾಯಾಂಗದ ಕಡತ ಬೇಕಾದರೆ ಹೈಕೋರ್ಟಿನ ನಿಯಮದ ದಾರಿಯಲ್ಲೇ ಬನ್ನಿ. ನಾವು ಕೇಳುತ್ತೇವೆ, ನಮ್ಮ ಕೇರಿ ಉರಿದರೆ ನಾವು ಮೂರನೆಯವರೆ? ನ್ಯಾಯಾಲಯದ ಬಾಗಿಲು ತೆರೆದಿರುತ್ತದೆ, ಯಾರು ಬೇಕಾದರೂ ಒಳಗೆ ಕೂತು ವಿಚಾರಣೆ ಕೇಳಬಹುದು ಎನ್ನುವುದು ಕಾನೂನು. ಕಿವಿಯಿಂದ ಕೇಳಿದ್ದನ್ನು ಕಾಗದದಲ್ಲಿ ಓದಲು ಕಾರಣ ಹೇಳಬೇಕು ಎನ್ನುವುದು ಯಾವ ಸೀಮೆಯ ನ್ಯಾಯ? ಹಿಂದೆ ಕೆರೆಯ ನೀರು ಮುಟ್ಟಲು ಕಾರಣ ಕೇಳುತ್ತಿದ್ದವರ ದನಿಯೇ ಇದರಲ್ಲೂ ನಮಗೆ ಕೇಳಿಸುತ್ತದೆ.

ಕೆರೆ ಎಂದಾಗ ಮಹಾಡ್ ನೆನಪಾಗಬೇಕು. 1927ರ ಸತ್ಯಾಗ್ರಹ ಎಲ್ಲರಿಗೂ ಗೊತ್ತು. ಆಮೇಲೆ ಬಾಬಾಸಾಹೇಬರು ಹತ್ತು ವರ್ಷ ಕೋರ್ಟಿನಲ್ಲಿ ಗುದ್ದಾಡಿದ್ದು ಭಾಷಣಗಳಲ್ಲಿ ಬರುವುದಿಲ್ಲ. ಚವದಾರ್ ಕೆರೆ ನಮ್ಮದು, ಅಸ್ಪೃಶ್ಯರು ಮುಟ್ಟದಿರುವುದು ಅನಾದಿ ಕಾಲದ ರೂಢಿ ಎಂದು ಸವರ್ಣೀಯರು ದಾವೆ ಹೂಡಿದ್ದರು. 1937ರಲ್ಲಿ ಬೊಂಬಾಯಿ ಹೈಕೋರ್ಟು ಅಂಥ ಅನಾದಿ ರೂಢಿ ಸಾಬೀತಾಗಿಲ್ಲ ಎಂದು ತೀರ್ಮಾನಿಸಿತು. ನೀರಿಗಿಳಿದ ಅಂಬೇಡ್ಕರರೇ ಕಾಗದಕ್ಕೂ ಇಳಿದರು. ನಾವು ಅವರ ಮೊದಲ ಅರ್ಧವನ್ನು ಮಾತ್ರ ಹಿಡಿದುಕೊಂಡೆವು. ಮನವಿ ಪತ್ರ ಕೊಟ್ಟು ಫೋಟೊ ತೆಗೆಸಿಕೊಂಡು ಬರುತ್ತೇವೆ, ಮನವಿಯ ಸ್ವೀಕೃತಿ ಸೀಲು ಹಾಕಿಸಿಕೊಳ್ಳುವುದಿಲ್ಲ. ಧರಣಿಯ ಕರಪತ್ರ ನೂರು ಇರುತ್ತವೆ, ಎಫ್ಐಆರ್ ಪ್ರತಿ ಒಂದೂ ಇರುವುದಿಲ್ಲ.

ಎಫ್ಐಆರ್ ಪ್ರತಿ ಫಿರ್ಯಾದಿಗೆ ಪುಕ್ಕಟೆ ಕೊಡಲೇಬೇಕು. ದೌರ್ಜನ್ಯ ತಡೆ ಕಾಯ್ದೆಗೆ 2016ರ ಜನವರಿ 26ರಿಂದ ಸೇರಿದ 15ಎ ಕಲಮಿನಲ್ಲಿ, ಜಾಮೀನು ಅರ್ಜಿ ಸೇರಿ ಪ್ರತಿ ಕಲಾಪದ ಸೂಚನೆಯೂ ನೊಂದವರಿಗೆ ಬರಬೇಕು ಎಂದಿದೆ. ಅದು ಕಡ್ಡಾಯವೆಂದು 2021ರಲ್ಲಿ ಹರಿರಾಮ್ ಭಾಂಭಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಪರಿಶಿಷ್ಟರಿಗೆ ವರಮಾನ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂಬುದು 1987ರ ಕಾಯ್ದೆಯಲ್ಲಿದೆ. ತಾಲ್ಲೂಕು ಸಮಿತಿ ಕೋರ್ಟಿನ ಆವರಣದಲ್ಲೇ ಕೂರುತ್ತದೆ. ನಕಲು ಅರ್ಜಿ ಬರೆಯಲು ಅವರನ್ನೇ ಹಿಡಿಯಿರಿ. ಕೇಸು ನಂಬರು ಗೊತ್ತಿಲ್ಲದಿದ್ದರೆ ವರ್ಷ, ಠಾಣೆ, ಇಬ್ಬರ ಹೆಸರು ಕೊಟ್ಟು ರಿಜಿಸ್ಟರು ನೋಡಿಸಿ. ಅರ್ಜಿಗೆ ಸ್ಟಾಂಪು ಹಚ್ಚಿದ ದಿನಾಂಕ ಬರೆದುಕೊಳ್ಳಿ. ನಿರಾಕರಿಸಿದರೆ ಬಾಯಿಮಾತಿಗೆ ಮರಳಬೇಡಿ, ಬರೆದುಕೊಡಿ ಅನ್ನಿ.

ಅಜ್ಜಿಯ ಹಿಂಬರಹದ ಮೇಲೆ ನಾವು ಮತ್ತೆ ಅರ್ಜಿ ಹಾಕಿದ್ದೇವೆ. ಈ ಸಲ ಕಡತ ಕೇಳಿಲ್ಲ. ದರಖಾಸ್ತು ವಹಿ, ಹಳೇ ಮ್ಯುಟೇಷನ್ ವಹಿ, ಆ ಸರ್ವೆ ನಂಬರಿನ ಹಳೇ ಪಹಣಿಗಳು, ಒಂದೊಂದಕ್ಕೂ ಬೇರೆ ಬೇರೆ ಅರ್ಜಿ. ಒಂದು ಕಪಾಟಿನಲ್ಲಿ ಕಳೆದದ್ದು ಇನ್ನೊಂದು ವಹಿಯಲ್ಲಿ ಒಂದು ಸಾಲಾಗಿಯಾದರೂ ಉಳಿದಿರುತ್ತದೆ. ನಿಮ್ಮ ಮನೆಯ ಟ್ರಂಕಿನಲ್ಲಿ ಕಂದಾಯದ ರಸೀದಿ, ಸಾಗುವಳಿ ಚೀಟಿ, ಸಮನ್ಸು, ಏನೇ ಬಿದ್ದಿದ್ದರೂ ತನ್ನಿ. ಇಲಿ ತಿಂದ ತುಂಡಾದರೂ ಸರಿ. ಬರುವ ಸೋಮವಾರ ಬೆಳಿಗ್ಗೆ ಎಂಟೂವರೆಗೆ ಕ್ರಾಸಿನಲ್ಲಿ ಇರುತ್ತೇವೆ. ಅಜ್ಜಿಯೂ ಬರುತ್ತಾಳೆ. ಆ ದಿನದ ಕೂಲಿ ಹೋಗುತ್ತದೆ, ಬುತ್ತಿ ಮಾತ್ರ ಕಟ್ಟಿಕೊಂಡೇ ಬರುತ್ತೇನೆ ಎಂದಿದ್ದಾಳೆ.