ಒಲೆಯ ಕಿಡಿ

ಅನಿಲದ ಒಲೆ ಹೊತ್ತಿಸುವ ಲೈಟರನ್ನು ಹಿಡಿದುಕೊಂಡು ಮಗಳು ಮೊನ್ನೆ ಕೇಳಿದಳು: “ಅಪ್ಪಾ, ಇದರಲ್ಲಿ ಬ್ಯಾಟರಿಯಿಲ್ಲ, ಎಣ್ಣೆಯಿಲ್ಲ. ಕಿಡಿ ಎಲ್ಲಿಂದ ಬಂತು?” ಹಳಗನ್ನಡ ಪಾಠ ಹೇಳುವವನಿಗೆ ಇಂಥ ಪ್ರಶ್ನೆ ಎದುರಾದರೆ ಗ್ರಂಥಾಲಯವೇ ಗತಿ. ಅಲ್ಲಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ಲೈಟರಿನ ಒಡಲಲ್ಲಿ ಪಿಂಗಾಣಿಯಂಥ ಪುಟ್ಟ ತುಂಡೊಂದಿದೆ. ಗುಂಡಿಯನ್ನೊತ್ತಿದೊಡನೆ ಸ್ಪ್ರಿಂಗಿನ ಸುತ್ತಿಗೆ ಅದನ್ನು ಬಡಿಯುತ್ತದೆ. ಆ ಒಂದು ಪೆಟ್ಟಿಗೆ ಸಾವಿರಾರು ವೋಲ್ಟುಗಳು ಹುಟ್ಟಿ ಕಿಡಿ ಹಾರುತ್ತದೆ. ಒತ್ತಿದರೆ ವಿದ್ಯುತ್ತನ್ನು ಕೊಡುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ, ಪಿಯರ್ ಕ್ಯೂರಿ ಸೋದರರು ಬೆಣಚು ಮೊದಲಾದ ಹರಳುಗಳಲ್ಲಿ ಕಂಡರು. ಪೀಜೋವಿದ್ಯುತ್ತೆಂದು ಅದರ ಹೆಸರು.

ಲೈಟರಿನ ತುಂಡಾದರೋ ಕುಲುಮೆಯಲ್ಲಿ ಬೇಯಿಸಿ ಮಾಡಿದ್ದು. ಪೆರೊವ್‌ಸ್ಕೈಟ್ ಎಂಬ ಅದರ ರಚನೆಯನ್ನು ಹೀಗೆ ಊಹಿಸಿಕೊಳ್ಳಬಹುದು. ಒಂದು ಘನಾಕಾರದ ಪೆಟ್ಟಿಗೆ. ಎಂಟು ಮೂಲೆಗಳಲ್ಲಿ ಸೀಸ, ಆರು ಮುಖಗಳ ಮಧ್ಯದಲ್ಲಿ ಆಮ್ಲಜನಕ, ಪೆಟ್ಟಿಗೆಯ ನಡುವೆ ಟೈಟಾನಿಯಮ್ ಇಲ್ಲವೆ ಜಿರ್ಕೋನಿಯಮ್. ಕಡುಬಿಸಿಯಲ್ಲಿ ಎಲ್ಲವೂ ಸಮಸಮ. ತಣಿದಾಗ ನಡುವಿನ ಪರಮಾಣು ಕೊಂಚ ಪಕ್ಕಕ್ಕೆ ಸರಿದು, ಒಂದೆಡೆ ಧನ, ಇನ್ನೊಂದೆಡೆ ಋಣ ವಿದ್ಯುದಂಶ ಮೂಡುತ್ತದೆ. ಬಲವಾದ ವಿದ್ಯುತ್ ಕ್ಷೇತ್ರದಲ್ಲಿಟ್ಟು, ದಿಕ್ಕುಗೆಟ್ಟ ಕೋಟ್ಯಂತರ ಪೆಟ್ಟಿಗೆಗಳನ್ನು ಆದಷ್ಟು ಒಂದೇ ದಿಕ್ಕಿಗೆ ತಿರುಗಿಸಿದ ಮೇಲೆಯೇ ತುಂಡು ಕೆಲಸಕ್ಕೆ ಸಿದ್ಧ.

ಟೈಟಾನಿಯಮ್ ಹೆಚ್ಚಿದ್ದರೆ ಪೆಟ್ಟಿಗೆ ಒಂದು ಮುಖದತ್ತ ನೀಳವಾಗುತ್ತದೆ. ಜಿರ್ಕೋನಿಯಮ್ ಹೆಚ್ಚಿದ್ದರೆ ಮೂಲೆಯತ್ತ ಓರೆಯಾಗುತ್ತದೆ. 1954ರಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನ ಬರ್ನಾರ್ಡ್ ಜಾಫೆ ಮತ್ತು ಸಂಗಡಿಗರು ಒಂದು ವಿಶೇಷವನ್ನು ಪ್ರಕಟಿಸಿದರು. ಈ ಎರಡು ರೂಪಗಳ ಗಡಿಯಲ್ಲಿ, ಎಂದರೆ ಸುಮಾರು 52 ಪಾಲು ಜಿರ್ಕೋನಿಯಮ್ಮಿಗೆ 48 ಪಾಲು ಟೈಟಾನಿಯಮ್ ಬೆರೆತೆಡೆಯಲ್ಲಿ, ಪೀಜೋಗುಣ ಶಿಖರಕ್ಕೇರುತ್ತದೆ! ಅಲ್ಲಿ ಯಾವ ರೂಪಕ್ಕೂ ಹಟವಿಲ್ಲ. ಅಲ್ಪ ಪ್ರೇರಣೆಗೇ ಒಳಗಿನ ದಿಕ್ಕು ಹೊರಳುತ್ತದೆ. ವ್ಯಾಕರಣದಲ್ಲಿಯೂ ಲೋಪ, ಆಗಮ, ಆದೇಶಗಳು ನಡೆಯುವುದು ಸಂಧಿಯಲ್ಲಿಯೇ ಅಲ್ಲವೆ?

ಇದೇ ಬಗೆಯ ತುಂಡು ಆಸ್ಪತ್ರೆಯ ಅಲ್ಟ್ರಾಸೌಂಡ್ ಯಂತ್ರದಲ್ಲಿಯೂ ಉಂಟು. ವಿದ್ಯುತ್ತನ್ನು ಕಂಪನವಾಗಿಸಿ, ಮರಳಿ ಬಂದ ಕಂಪನವನ್ನು ವಿದ್ಯುತ್ತಾಗಿಸಿ, ಗರ್ಭದೊಳಗಿನ ಕೂಸನ್ನು ತಾಯಿಗೆ ತೋರಿಸುತ್ತದೆ. ಆದರೆ ಅದರ ತೂಕದ ಅರ್ಧಕ್ಕೂ ಮಿಗಿಲು ಸೀಸ. ಸೀಸವೋ ಮಕ್ಕಳ ಮಿದುಳಿಗೆ ವಿಷ. ತುಂಡಿನೊಳಗೆ ಅದು ಬಂಧಿಯಾಗಿದ್ದರೂ ತಯಾರಿಕೆಯ ಬೇಗೆಯಲ್ಲಿ ಆವಿಯಾಗಬಲ್ಲುದು. ಯುರೋಪಿನ ಒಕ್ಕೂಟ 2006ರಿಂದ ವಿದ್ಯುತ್ ಸಲಕರಣೆಗಳಲ್ಲಿ ಸೀಸಕ್ಕೆ ಕಡಿವಾಣ ಹಾಕಿತು. ಸರಿಸಾಟಿಯಾದ ಬದಲಿ ದೊರೆಯದೆ ಈ ಪಿಂಗಾಣಿಗೆ ಮಾತ್ರ ವಿನಾಯಿತಿ ಕೊಡಬೇಕಾಯಿತು.

2004ರಲ್ಲಿ ಜಪಾನಿನ ಯಾಸುಯೋಶಿ ಸೈಟೊ ಮತ್ತು ಸಂಗಡಿಗರು ಪೊಟ್ಯಾಸಿಯಮ್, ಸೋಡಿಯಮ್, ನಿಯೋಬಿಯಮ್‌ಗಳನ್ನು ಮುಖ್ಯವಾಗುಳ್ಳ, ಸೀಸವಿಲ್ಲದ ಪೆರೊವ್‌ಸ್ಕೈಟನ್ನು ಸಿದ್ಧಪಡಿಸಿ ಭರವಸೆ ಹುಟ್ಟಿಸಿದರು. ಅವರು ಅರಸಿದ್ದೂ ಎರಡು ರೂಪಗಳ ಸಂಧಿಯನ್ನೇ. ಆದರೆ ಈ ವರ್ಗದ ವಸ್ತುಗಳಲ್ಲಿ ಉಷ್ಣತೆ ಬದಲಾದರೆ ಸಂಧಿಯೂ ಸುಲಭವಾಗಿ ಜಾರುತ್ತದೆ. ಅದನ್ನು ನಿಲ್ಲಿಸುವುದೇ ವಿಜ್ಞಾನಿಗಳ ಪಾಡು.

ಇಷ್ಟನ್ನೂ ಕೇಳಿದ ಮಗಳು, ಮೂಲೆಯಲ್ಲಿ ಬಿದ್ದಿದ್ದ ಕೆಟ್ಟ ಲೈಟರನ್ನು ಕಸದ ಬುಟ್ಟಿಗೆಸೆಯದೆ ಹಳೆಯ ಬ್ಯಾಟರಿಗಳ ಡಬ್ಬಿಯಲ್ಲಿಟ್ಟಳು. ಪಾಠ ಹೇಳಿದವನಿಗೆ ಅದು ಹೊಳೆದಿರಲಿಲ್ಲ.