ಊರ ಮುಂದಿನ ವೀರಗಲ್ಲು ಯಾವ ಪದಕಕ್ಕೂ ಕಡಿಮೆಯಲ್ಲ

ಯುದ್ಧದಲ್ಲಿ ಸಾಹಸ ತೋರಿದವರಿಗೆ ಪದಕ ಕೊಡುವುದು ಎಲ್ಲ ಕಡೆ ಇರುವ ಪದ್ಧತಿ. ಆದರೆ ಸಾಹಸ ಒಂದೇ ಇದ್ದರೂ ಪದಕ ಒಂದೇ ಇರಲಿಲ್ಲ. ಜರ್ಮನಿಯ ಪ್ರಷ್ಯಾ ರಾಜ್ಯದಲ್ಲಿ 'ಪೂರ್ ಲ ಮೆರೀತ್' ಎಂಬ ದೊಡ್ಡ ಯುದ್ಧ ಪದಕ ಅಧಿಕಾರಿಗಳಿಗೇ ಮೀಸಲಾಗಿತ್ತು. ಅವರ ಕೆಳಗಿನ ಸೈನಿಕರಿಗೆಂದು 1864ರಲ್ಲಿ ಚಿನ್ನದ ಬಣ್ಣದ ಶಿಲುಬೆಯಾಕಾರದ ಬೇರೆ ಪದಕ ಬಂತು. ಈಗ ಅದು ಬಹಳ ಅಪರೂಪ.

ನಮ್ಮ ನಾಡಿನಲ್ಲೂ ಹೀಗೇ ಆಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಸತ್ತ. ಗೆದ್ದ ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ ಪದಕ ಹಂಚಿತು. ಅದರ ಮೇಲಿನ ಚಿತ್ರ, ಹುಲಿಯನ್ನು ಕೆಡವಿದ ಸಿಂಹ. ಜನರಲ್‌ಗಳಿಗೆ ಚಿನ್ನ, ನಂತರದವರಿಗೆ ಬೆಳ್ಳಿ, ಕಂಚು. ಕೊನೆಯ ಸಾಲಿನ ಸಿಪಾಯಿಗೆ ತವರ! ಗುಂಡು ಮಾತ್ರ ಯಾರ ದರ್ಜೆಯನ್ನೂ ಕೇಳಿ ಬಂದಿರಲಿಲ್ಲ.

ಇದಕ್ಕಿಂತ ಎಷ್ಟೋ ಶತಮಾನ ಮೊದಲೇ ನಮ್ಮ ಹಳ್ಳಿಗಳು ವೀರರಿಗೆ ಕಲ್ಲು ನಿಲ್ಲಿಸುತ್ತಿದ್ದವು. ರಾಜನಿಗಾಗಿ ಕಾದಿ ಸತ್ತ ನಾಯಕನಿಗಷ್ಟೇ ಅಲ್ಲ, ಕಳ್ಳರು ಹೊಡೆದುಕೊಂಡು ಹೋದ ದನಗಳನ್ನು ಬಿಡಿಸಲು ಹೋಗಿ ಸತ್ತವನಿಗೂ ವೀರಗಲ್ಲು ಇದೆ. ಕಲ್ಲು ದೊಡ್ಡದಿರಬಹುದು, ಸಣ್ಣದಿರಬಹುದು. ಸಾಮಾನ್ಯವಾಗಿ ಕೆತ್ತನೆಯ ಕ್ರಮ ಒಂದೇ: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ, ಸೂರ್ಯ, ಚಂದ್ರ. ಮಂಡ್ಯ ಜಿಲ್ಲೆಯ ಆತಕೂರಿನ 10ನೇ ಶತಮಾನದ ಶಾಸನವಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ 'ಕಾಳಿ' ಎಂಬ ನಾಯಿಯನ್ನೂ ನೆನೆಯುತ್ತದೆ.

ಹಂಪಿ ಪಕ್ಕದ ಕಮಲಾಪುರದ ಮ್ಯೂಸಿಯಂನಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳನ್ನು ಜೋಪಾನವಾಗಿ ಇಟ್ಟಿದ್ದಾರೆ. ಹೊರಗೆ ಉಳಿದವುಗಳ ಗತಿ? ಎಷ್ಟೋ ಕಡೆ ಅವು ಬಟ್ಟೆ ಒಗೆಯುವ ಕಲ್ಲು, ದನ ಕಟ್ಟುವ ಕಲ್ಲು. ರಸ್ತೆ ಅಗಲ ಮಾಡುವಾಗ ಮಣ್ಣಿನಡಿ ಸೇರುತ್ತವೆ. ನಿಧಿ ಆಸೆಗೆ ಬುಡ ಅಗೆಯುವವರೂ ಇದ್ದಾರೆ. ದಿಲ್ಲಿ ಸೈನ್ಯಕ್ಕೆ ಎದುರು ನಿಂತ ಕಂಪ್ಲಿಯ ಕುಮಾರರಾಮನನ್ನು 700 ವರ್ಷ ಕಳೆದರೂ ನೆನೆಯುವ ಸೀಮೆ ನಮ್ಮದು. ಹೆಸರು ಗೊತ್ತಿಲ್ಲದ ವೀರರನ್ನು ಮಾತ್ರ ಕಾಲಡಿ ಹಾಕುವುದು ಸರಿಯೇ?

ನಾವು ಕೇಳುವುದು ಇಷ್ಟೇ. ಹೊಸಪೇಟೆ, ಸಂಡೂರು, ಕಂಪ್ಲಿ ತಾಲ್ಲೂಕುಗಳ ಪ್ರತಿ ಗ್ರಾಮ ಪಂಚಾಯಿತಿ ತನ್ನ ಊರುಗಳ ವೀರಗಲ್ಲುಗಳ ಪಟ್ಟಿ ಮಾಡಲಿ. ಕಾಮಗಾರಿ ಶುರುವಾಗುವ ಮೊದಲು ಆ ಪಟ್ಟಿ ನೋಡುವ ನಿಯಮ ಬರಲಿ. ನೀವೂ ನಿಮ್ಮೂರಿನ ಕಲ್ಲಿನ ಫೋಟೊ ತೆಗೆದು, ಜಾಗ ಬರೆದಿಡಿ. ಅಕ್ಷರ ಕಂಡರೆ ಉಜ್ಜಬೇಡಿ, ಪೇಂಟ್ ಬಳಿಯಬೇಡಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಶಾಸನ ಓದಬಲ್ಲವರಿದ್ದಾರೆ, ಅವರಿಗೆ ತೋರಿಸಿ. ಆ ಕಲ್ಲಿನಲ್ಲಿರುವುದು ನಿಮ್ಮ ಊರಿನವನ ಹೆಸರೇ ಆಗಿರಬಹುದು.